ಆರ್ಟಿಸ್ಟ್ ಕಮಲಾಕರನ ಬೆಕ್ಕಿನ ಕ್ಲಾಸು

ಇಪ್ಪತ್ತೆರಡು ವರ್ಷ ಬ್ರಶ್ಶು ಹಿಡಿದೇ ಅನ್ನ ತಿಂದವನಿಗೆ ಸ್ವಂತ ಮಗಳು ಕೇಳಬಾರದ ಪ್ರಶ್ನೆ ಅಂತ ಒಂದಿದ್ದರೆ, ಅದನ್ನು ದಿವ್ಯಶ್ರೀ ಆ ಶನಿವಾರ ಮಧ್ಯಾಹ್ನ ಪಾಟಿಚೀಲ ಕೆಳಗಿಡುವ ಮೊದಲೇ ಕೇಳಿಬಿಟ್ಟಳು.

“ಅಪ್ಪಾ, ನಿಂಗೆ ಬೆಕ್ಕು ತೆಗಿಯೂಕೆ ಬತ್ತದಾ?”

ಕಮಲಾಕರ ಊಟಕ್ಕೆ ಕೂತಿದ್ದ. ಬಾಯಿಯ ಹತ್ತಿರ ಹೋದ ತುತ್ತು ಅಲ್ಲೇ ನಿಂತಿತು. ಅವನು ಉತ್ತರ ಹೇಳುವಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿ ಸುಮತಿಯ ದನಿ ಬಂತು.

“ಬತ್ತದೆ ಅಂದ್ರೆ ಮೊದ್ಲು ಇಲ್ಲಿ ಬಂದು ಕಟ್ಟೆ ಮೇಲೆ ಕೂತದ್ದನ್ನ ತೆಗೀರಿ! ನನ್ನ ಸಾರಿನ ಪಾತ್ರಕ್ಕೇ ಬಾಯಿ ಹಾಕೂಕೆ ನೋಡ್ತದೆ!”

“ಆಯಿ, ಆ ಬೆಕ್ಕಲ್ಲ, ಚಿತ್ರದ್ದು,” ಅಂದಳು ದಿವ್ಯಶ್ರೀ. “ಮುದ್ದಾದ ಕಾರ್ಟೂನ್ ಬೆಕ್ಕು. ಸುಪ್ರಿಯಾ ಅಕ್ಕೋರು ಅಪ್ಪನ ಹತ್ರ ಕೇಳ್ಕಂಡು ಬಾ ಅಂದ್ರು.”

(ಆ ಕಡೆಯ ಊರುಗಳಲ್ಲಿ ಚಿತ್ರವನ್ನು ಯಾರೂ ಬರೆಯುವುದಿಲ್ಲ, ತೆಗೆಯುತ್ತಾರೆ. ಅದರಿಂದ ಇಂಥ ಗೊಂದಲಗಳು ವಾರಕ್ಕೆ ಒಂದಾದರೂ ಆಗುತ್ತವೆ.)

ವಿಷಯ ಇಷ್ಟೇ ಆಗಿತ್ತು. ಮಕ್ಕಳ ದಿನಾಚರಣೆಗೆ ಇನ್ನು ಒಂಬತ್ತು ದಿನ. ಊರ ಶಾಲೆಯಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಕಾರ್ಟೂನ್ ಬೆಕ್ಕಿನ ಚಿತ್ರಸ್ಪರ್ಧೆ ಇಟ್ಟಿದ್ದರು. ಕುಮಟೆಯಿಂದ ನಿತ್ಯಾನಂದ ಮಾಸ್ತರರು ಅಂತ ಹೆಸರಾದ ಡ್ರಾಯಿಂಗ್ ಮಾಸ್ತರರು ತೀರ್ಪು ಕೊಡಲು ಬರುವವರಿದ್ದರು. ಶಾಲೆಯಲ್ಲಿ ಚಿತ್ರ ಕಲಿಸುವವರು ಯಾರೂ ಇರಲಿಲ್ಲ. ಊರಲ್ಲೇ ಇರುವ ಕಲಾವಿದರು ಒಂದು ವಾರ ಸಂಜೆ ಹೊತ್ತು ಮಕ್ಕಳಿಗೆ ಕಲಿಸಿಕೊಟ್ಟರೆ ಉಪಕಾರವಾದೀತು, ಕಾರ್ಯಕ್ರಮದ ದಿನ ಅವರಿಗೊಂದು ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆ ಅಂತ ಶಾಲೆಯ ಟೀಚರು, ಅಂದರೆ ಸುಪ್ರಿಯಾ ಅಕ್ಕೋರು, ಚೀಟಿ ಬರೆದು ಕಳಿಸಿದ್ದರು.

ಶಾಲು ಅನ್ನುವ ಶಬ್ದ ಓದಿದ್ದೇ ಕಮಲಾಕರನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಅವನು ಸಾಮಾನ್ಯ ಮನುಷ್ಯನಲ್ಲ. ಮಂಕಿಯಿಂದ ಹೊನ್ನಾವರ ಬಂದರಿನವರೆಗೆ ನೀರಿಗಿಳಿದ ದೋಣಿಗಳಲ್ಲಿ ಅರ್ಧಕ್ಕರ್ಧದ ಮೂತಿಯ ಮೇಲೆ ಹೆಸರು ಬರೆದವನು ಅವನೇ. ಹೆಸರಿನ ಪಕ್ಕದಲ್ಲಿ ಹುಲಿ, ಸಿಂಹ, ಗರುಡ, ತಿಮಿಂಗಿಲ, ಹೀಗೆ ಮಾಲಕರು ಕೇಳಿದ ಪ್ರಾಣಿ. ಕೆಳಗಡೆ ಮೂಲೆಯಲ್ಲಿ ಓರೆ ಅಕ್ಷರದಲ್ಲಿ ‘ಆರ್ಟಿಸ್ಟ್ ಕಮಲಾಕರ, ಮಂಕಿ’. ಅವನ ಹುಲಿ ಎಂಥದೆಂದರೆ, ಊರಿನ ಮೀನುಗಾರ ದಾಸನ ದೋಣಿಯ ಮೇಲೆ ಮೂರು ವರ್ಷದಿಂದ ಒಂದು ಕಾಗೆ ಕೂತಿದ್ದನ್ನು ಕಂಡವರಿಲ್ಲ. ಇಷ್ಟಿದ್ದೂ ಅವನಿಗೆ ಈವರೆಗೆ ಒಂದು ಶಾಲೂ ಸಿಕ್ಕಿರಲಿಲ್ಲ. ಹೊಸ ದೋಣಿ ನೀರಿಗಿಳಿಯುವಾಗ ಹಾರ ಹಾಕುತ್ತಾರೆ, ನಿಜ. ಆದರೆ ಅದನ್ನು ದೋಣಿಗೆ ಹಾಕುತ್ತಾರೆ.

“ಅಕ್ಕೋರಿಗೆ ಹೇಳು, ಆತು ಅಂತ,” ಎಂದು ಕಮಲಾಕರ ಗಂಭೀರವಾಗಿ ನುಡಿದ. “ಬೆಕ್ಕು ಅಂದ್ರೆ ಎಂತ ದೊಡ್ಡದು? ಹುಲಿಯ ಮನೆತನವೇ ಅಲ್ಲವಾ ಅದು.”

ಸುಮತಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. “ಹೋಯ್, ನೀವು ಮುದ್ದಾದ್ದು ತೆಗೆಯೂದಾ? ಭಟ್ಕಳದ ಕೋಳಿ ಮರ್ತು ಹೋತಾ?”

ಕಮಲಾಕರ ಮರೆಯಲು ಹೆಣಗುತ್ತಿದ್ದ ಏಕೈಕ ಪ್ರಾಣಿ ಅದು. ಹಿಂದೊಮ್ಮೆ ಭಟ್ಕಳದ ಬಿರಿಯಾನಿ ಹೋಟೆಲೊಂದರ ಬೋರ್ಡಿಗೆ ಅವನೊಂದು ಕೋಳಿ ತೆಗೆದುಕೊಟ್ಟಿದ್ದ. ರೆಕ್ಕೆ ಬಿಚ್ಚಿ, ಕಣ್ಣು ಕೆಂಪು ಮಾಡಿ, ಒಂದು ಕಾಲೆತ್ತಿ ನಿಂತ ಕೋಳಿ. ಹೋಟೆಲಿನ ಯಜಮಾನರು ತುಂಬ ಸಭ್ಯರು. ಎರಡು ನಿಮಿಷ ನೋಡಿ, “ಭಾಯಿ, ಕೆಲಸ ಬಹುತ್ ಅಚ್ಛಾ ಇದೆ. ಆದ್ರೆ ನಮ್ಮ ಗಿರಾಕಿ ಕೋಳಿ ತಿನ್ನೂಕೆ ಬರೂದು. ನಿಮ್ಮ ಕೋಳಿ ಗಿರಾಕಿನ ತಿನ್ನೂಕೆ ಬಂದ ಹಾಗಿದೆ,” ಎಂದಿದ್ದರು. ಬೋರ್ಡಿನ ಹಿಂಬದಿಯಲ್ಲಿ ಬರೀ ಅಕ್ಷರ ಬರೆಸಿಕೊಂಡು ಅದನ್ನೇ ತೂಗುಹಾಕಿದ್ದರು.

“ಅದು ವ್ಯಾಪಾರ. ಇದು ವಿದ್ಯಾದಾನ,” ಅಂದ ಕಮಲಾಕರ. “ನಿಂಗೆ ವ್ಯತ್ಯಾಸ ಗೊತ್ತಾಗೂದಿಲ್ಲ.”

“ನಂಗೆ ಗೊತ್ತಾಗೂದು ಬೇಡ ಮಾರಾಯ್ರೆ. ಮಕ್ಕಳು ಹೆದ್ರದಿದ್ರೆ ಸಾಕು.”

ಆ ಸಂಜೆಯೊಳಗೆ ಸುದ್ದಿಯನ್ನು ಕಮಲಾಕರ ಸ್ವಂತ ಖರ್ಚಿನಲ್ಲಿ, ಅಂದರೆ ಸ್ವಂತ ಬಾಯಲ್ಲಿ, ಊರಿಗೆಲ್ಲ ಹಂಚಿದ. ಹೇಳುತ್ತ ಹೋದ ಹಾಗೆ ಸ್ಪರ್ಧೆಯೂ ಬೆಳೆಯಿತು. ಚಾದಂಗಡಿ ಮುಟ್ಟುವಷ್ಟರಲ್ಲಿ ಅದು ತಾಲೂಕು ಮಟ್ಟದ್ದಾಗಿತ್ತು. ಭಾನುವಾರ ಬಣ್ಣ ತರಲು ಹೊನ್ನಾವರಕ್ಕೆ ಹೋದಾಗ ಜಿಲ್ಲಾ ಮಟ್ಟಕ್ಕೇರಿತು. ತಿರುಗಿ ಬರುವ ಬಸ್ಸು ಬೇಗ ಬಂದಿದ್ದರಿಂದ ರಾಜ್ಯ ಮಟ್ಟ ಸ್ವಲ್ಪದರಲ್ಲಿ ತಪ್ಪಿತು.

ಸೋಮವಾರ ಸಂಜೆ ಜಗಲಿಯ ಮೇಲೆ ದಿವ್ಯಶ್ರೀಯಲ್ಲದೆ ಹನ್ನೊಂದು ಮಕ್ಕಳು ಸಾಲಾಗಿ ಕೂತವು. ಕಮಲಾಕರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಪ್ಲೈವುಡ್ಡಿಗೆ ಕರಿ ಬಣ್ಣ ಬಳಿದ ಹಲಗೆಯ ಪಕ್ಕ ನಿಂತ. ಮೊದಲು ಶಿಸ್ತು.

“ನೋಡಿ ಮಕ್ಕಳೆ, ಹೊರಗೆ ನಾನು ಮಾಮ. ಇಲ್ಲಿ ಕ್ಲಾಸಲ್ಲಿ ಮಾಮ ಅನ್ನೂಕಿಲ್ಲ. ಸರ್ ಅನ್ಬೇಕು. ತಿಳೀತಾ?”

“ಆತು ಮಾಮ,” ಅಂದವು ಹನ್ನೊಂದೂ ಒಟ್ಟಿಗೆ.

ಕಮಲಾಕರ ಅದನ್ನು ನುಂಗಿಕೊಂಡು ಪಾಠ ಶುರುಮಾಡಿದ. ಮಾರ್ಜಾಲ ಎಂದರೇನು, ಮಾರ್ಜಾಲದ ಬೆನ್ನುಮೂಳೆ ಯಾಕೆ ಬಿಲ್ಲಿನ ಹಾಗೆ ಬಾಗುತ್ತದೆ, ಹಾರುವ ಮೊದಲು ಅದರ ಹೆಗಲಿನ ಮಾಂಸಖಂಡ ಹೇಗೆ ಬಿಗಿಯುತ್ತದೆ ಎಂದು ಕಾಲು ಗಂಟೆ ವಿವರಿಸಿದ. ಆಮೇಲೆ ಸೀಮೆಸುಣ್ಣ ಹಿಡಿದು, ಕೈ ಎತ್ತದೆ, ಒಂದೇ ಉಸಿರಿಗೆ ಬೆಕ್ಕು ತೆಗೆದು ಪಕ್ಕಕ್ಕೆ ಸರಿದ.

“ಹುಲಿ!” ಅಂದ ದಾಸನ ಮಗ ರಾಜೇಶ. ನಾಲ್ಕನೇ ತರಗತಿಯವನು. ದಿನವೂ ಅಪ್ಪನ ದೋಣಿಯಲ್ಲಿ ಕಮಲಾಕರನ ಹುಲಿಯನ್ನು ನೋಡಿ ಬೆಳೆದವನು.

“ಪಟ್ಟೆ ಇದ್ಯೇನಾ ಇದ್ಕೆ?”

“ಇಲ್ಲ ಮಾಮ. ಪಟ್ಟೆ ಇಲ್ಲದ ಹುಲಿ.”

ಅಷ್ಟರಲ್ಲಿ ಒಂದನೇ ತರಗತಿಯ ಪ್ರಿಯಾ, ಎಲ್ಲರಿಗಿಂತ ಚಿಕ್ಕವಳು, ದಿವ್ಯಶ್ರೀಯ ಬೆನ್ನ ಹಿಂದೆ ಅಡಗಿ ಅಳತೊಡಗಿದಳು. “ಅದು ನನ್ನನ್ನೇ ನೋಡ್ತದೆ.” ಅವಳನ್ನು ಎತ್ತಿ ಜಗಲಿಯ ಇನ್ನೊಂದು ತುದಿಗೆ ಕೂರಿಸಿದರು. ಅಲ್ಲಿಂದಲೂ ಅಳು ಬಂತು. “ಇಲ್ಲಿಗೂ ನೋಡ್ತದೆ!”

ಎಲ್ಲಿ ನಿಂತರೂ ನಮ್ಮನ್ನೇ ನೋಡುವ ಕಣ್ಣು ತೆಗೆಯುವುದು ದೊಡ್ಡ ದೊಡ್ಡ ಕಲಾವಿದರಿಗೂ ಕಷ್ಟ ಎಂದು ಕಮಲಾಕರನ ಒಳಮನಸ್ಸು ಹಿಗ್ಗಿತು. ಹೊರಗಿನ ಕಮಲಾಕರ ಮಾತ್ರ ಪ್ರಿಯಾಳಿಗೆ ಶೇಂಗಾ ಚಿಕ್ಕಿ ಕೊಟ್ಟು ಸಮಾಧಾನ ಮಾಡಬೇಕಾಯಿತು.

ಮಂಗಳವಾರ ಅವನು ಬೆಕ್ಕಿನ ಹಲ್ಲುಗಳನ್ನೆಲ್ಲ ಅಳಿಸಿದ. ಹುಬ್ಬು ತೆಳ್ಳಗೆ ಮಾಡಿದ. ಕೆನ್ನೆ ಒಳಕ್ಕೆ ಹೋಯಿತು, ಮೀಸೆ ಜೋತುಬಿತ್ತು. ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಅಣ್ಣಪ್ಪಜ್ಜ ಕೋಲೂರಿಕೊಂಡು ಬಂದವರು ಹಲಗೆಯ ಮುಂದೆ ನಿಂತುಬಿಟ್ಟರು.

“ನಂದೆಂತಕ್ಕಾ ತೆಗ್ದದ್ದು, ಕಮಲಾಕರ?” ಎಂದು ಸಂತೋಷದಿಂದ ಕೇಳಿದರು. “ಚಂದ ಬಂತು. ಕಿವಿ ಸಲ್ಪ ಉದ್ದ ಆತು, ನೋಡು.”

ಆ ಮಕ್ಕಳು ನಕ್ಕ ನಗುವಿಗೆ ಸುಮತಿ ಅಡುಗೆಮನೆಯಿಂದ ಓಡಿ ಬಂದಳು. ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡು ಬಂದ ದಾರಿಯಲ್ಲೇ ವಾಪಸು ಹೋದಳು. ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಅದು ಪಾತ್ರೆಯ ಸದ್ದೋ ಅವಳ ನಗುವೋ ಎಂದು ಕಮಲಾಕರನಿಗೆ ಕೊನೆಗೂ ಗೊತ್ತಾಗಲಿಲ್ಲ.

ದಿವ್ಯಶ್ರೀ ಅಪ್ಪನ ಮರ್ಯಾದೆ ಉಳಿಸಲು ಮೊಬೈಲ್ ತಂದು ಒಂದು ವಿಡಿಯೊ ತೋರಿಸಿದಳು. “ಅಪ್ಪಾ, ಇದ್ರಲ್ಲಿ ಸುಲಭ ಇದೆ. ಮೊದ್ಲು ಒಂದು ಸೊನ್ನೆ, ಅದ್ರ ಕೆಳಗೆ ಇನ್ನೊಂದು ಸೊನ್ನೆ…”

“ಸೊನ್ನೆ ಹಾಕೂದು ಗಣಿತ,” ಅಂದ ಕಮಲಾಕರ. “ಕಲೆ ಬೇರೆ. ನಾಳೆ ನಾನು ಜೀವಂತ ಬೆಕ್ಕನ್ನೇ ಕೂರಿಸಿ ಕಲಿಸ್ತೆ. ದೊಡ್ಡ ಕಲಾಶಾಲೆಯಲ್ಲೆಲ್ಲ ಹಾಗೇ ಮಾಡೂದು.”

ಬುಧವಾರದ ಪಾಠಕ್ಕೆ ಮನೆಯ ಬೆಕ್ಕು ಕೆಂಚಿಯನ್ನು ಸ್ಟೂಲಿನ ಮೇಲೆ ಕೂರಿಸಲಾಯಿತು. ಕೆಂಚಿ ಕೂರಲಿಲ್ಲ. ಸುಮತಿ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕಮಲಾಕರ ಮೆಲ್ಲಗೆ ಅಡುಗೆಮನೆಗೆ ಹೋಗಿ, ರಾತ್ರಿಯ ಸಾರಿಗೆಂದು ತೊಳೆದಿಟ್ಟ ನಾಲ್ಕು ಬಂಗಡೆಗಳಲ್ಲಿ ಒಂದನ್ನು ತಂದ. ಈಗ ಕೆಂಚಿ ಕೂತಿತು. ಆದರೆ ಅವನು ಬಲಗಿವಿ ತೆಗೆಯುವಷ್ಟರಲ್ಲಿ ಬಂಗಡೆ ಮುಗಿದು ಅದು ಕೆಳಗೆ ಹಾರಿತು. ಎಡಗಿವಿಗೆ ಎರಡನೇ ಬಂಗಡೆ ಬೇಕಾಯಿತು. ಬಾಲಕ್ಕೆ ಮೂರನೆಯದು. ನಾಲ್ಕನೆಯದನ್ನು ತರುವ ಹೊತ್ತಿಗೆ, ಜಗಲಿಯಲ್ಲಿ ಉಚಿತ ಮೀನು ಹಂಚುತ್ತಿದ್ದಾರೆ ಎಂಬ ಸುದ್ದಿ ಕೇರಿಯ ಬೆಕ್ಕುಗಳಿಗೆಲ್ಲ ಮುಟ್ಟಿತ್ತು.

ಬಂದವು. ಅಣ್ಣಪ್ಪಜ್ಜನ ಮನೆಯ ಕರಿ ಬೆಕ್ಕು ಬಂತು, ಮೀನು ಒಣಗಿಸುವ ಕಡೆಯ ಬಾಲ ತುಂಡಾದ ಗಡವ ಬೆಕ್ಕು ಬಂತು, ಇನ್ನೂ ಮೂರು ಗುರುತಿಲ್ಲದವು ಬಂದವು. ನಾಲ್ಕನೆಯ ಬಂಗಡೆಗಾಗಿ ಆರು ಬೆಕ್ಕುಗಳ ಮಹಾಯುದ್ಧ ನಡೆಯಿತು. ಜಗಲಿಯ ಮೂಲೆಯಲ್ಲಿ ದೋಣಿಗೆಂದು ತಂದಿಟ್ಟಿದ್ದ ನೀಲಿ ಎನಾಮಲ್ ಪೇಂಟಿನ ಡಬ್ಬಿ ಉರುಳಿತು. ಆರು ಬೆಕ್ಕುಗಳ ಇಪ್ಪತ್ನಾಲ್ಕು ಕಾಲು ನೀಲಿಯಾದವು. ಆ ಕಾಲುಗಳು ಜಗಲಿಯಿಂದ ಅಂಗಳಕ್ಕೆ, ಅಂಗಳದಿಂದ ಹಿತ್ತಿಲಿಗೆ, ಹಿತ್ತಿಲಿನಲ್ಲಿ ಕಲ್ಲಿನ ಮೇಲೆ ಸುಮತಿ ಆಗಷ್ಟೇ ಹಿಂಡಿ ಹರವಿದ್ದ ಬಿಳಿ ಹಾಸಿಗೆ ಚಾದರದ ಮೇಲೆ ಒಂದರ ಹಿಂದೊಂದು ಹಾದುಹೋದವು.

ಸುಮತಿ ಬಂದಳು. ಚಾದರವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡೇ ಬಂದಳು.

“ಇದೆಂತ?”

“ಬೆಕ್ಕು,” ಅಂದ ಕಮಲಾಕರ ಸಣ್ಣ ದನಿಯಲ್ಲಿ.

“ಬೆಕ್ಕು ನಂಗೂ ಕಾಣ್ತದೆ! ಬಂಗಡೆ ಎಲ್ಲಿ?”

“ಅದೂ… ಬೆಕ್ಕು.”

ಆಮೇಲೆ ಸುಮತಿ ಆಡಿದ ಮಾತುಗಳನ್ನು ಮಕ್ಕಳ ಎದುರಿಗೆ ಬರೆಯುವ ಹಾಗಿಲ್ಲ (ಅವಳು ಆಡಿದ್ದು ಮಕ್ಕಳ ಎದುರಿಗೇ ಎಂಬುದು ಬೇರೆ ಮಾತು). ಆದರೆ ಒಂದು ವಿಶೇಷ ನಡೆಯಿತು. ಸೋಮವಾರದಿಂದ ಅಳುವುದನ್ನು ಬಿಟ್ಟರೆ ಬೇರೇನೂ ಮಾಡದ ಪ್ರಿಯಾ ಚಾದರದ ಹತ್ತಿರ ಹೋಗಿ ಒಂದು ನೀಲಿ ಹೆಜ್ಜೆಯ ಮೇಲೆ ಬೆರಳಿಟ್ಟಳು. “ಒಂದು ದೊಡ್ಡ ಬೊಟ್ಟು, ನಾಕು ಸಣ್ಣ ಬೊಟ್ಟು,” ಎಂದು ಎಣಿಸಿ ಮೊದಲ ಬಾರಿಗೆ ನಕ್ಕಳು. ಸುಮತಿ ಅವಳನ್ನು ನೋಡಿದಳು. ಅವಳ ಸಿಟ್ಟು ಅರ್ಧಕ್ಕೇ ನಿಂತಿತು.

ಆ ದಿನ ಊಟಕ್ಕೆ ಬರೀ ಸಾರು. ಮೀನೆಲ್ಲಿ ಎಂದು ಕೇಳುವ ಧೈರ್ಯ ಕಮಲಾಕರನಿಗೆ ಇರಲಿಲ್ಲ.

ಗುರುವಾರ ಅವನು ದೋಣಿಯ ಕೆಲಸದ ನೆವ ಮಾಡಿ ಬಂದರಿನಲ್ಲೇ ಹೊತ್ತು ಕಳೆದ. ನಿಜ ಹೇಳಬೇಕೆಂದರೆ ಮಕ್ಕಳ ಮುಖ ನೋಡಲು ಅವನಿಗೆ ನಾಚಿಕೆಯಾಗಿತ್ತು. ಸರ್ ಎನಿಸಿಕೊಳ್ಳದೆ, ಶಾಲನ್ನೂ ಹೊದೆಯದೆ, ಇಡೀ ಮಂಕಿಗೆ ಏನೆಂದು ಉತ್ತರ ಹೇಳುವುದು? ಸಂಜೆ ಐದೂವರೆಗೆ, ಮಕ್ಕಳೆಲ್ಲ ಕಾದು ಹೋಗಿರಬಹುದು ಅಂದುಕೊಂಡು ಮನೆಯ ಬೇಲಿಯ ದಣಪೆಯ ಹತ್ತಿರ ಬಂದರೆ ಜಗಲಿಯಿಂದ ಹೆಂಡತಿಯ ದನಿ ಕೇಳಿಸಿತು. ಅವನು ತೆಂಗಿನ ಮರದ ಮರೆಗೆ ಸರಿದ.

ಸುಮತಿ ಜಗಲಿಯ ಸಿಮೆಂಟಿನ ಮೇಲೆ ಮಂಡಿಯೂರಿ ಕೂತಿದ್ದಳು. ಕೈಯಲ್ಲಿ ರಂಗೋಲಿ ಹಾಕುವ ಸುಣ್ಣದ ಕಡ್ಡಿ. ಸುತ್ತ ಹನ್ನೊಂದು ಮಕ್ಕಳು.

“ಇಡ್ಲಿ ಗೊತ್ತಲ ಎಲ್ಲಾರಿಗೂ? ಒಂದು ದೊಡ್ಡ ಇಡ್ಲಿ ಹಾಕಿ. ಅದು ತಲೆ. ಇಡ್ಲಿ ಮೇಲೆ ಎರಡು ಸಮೋಸ ಕೂರ್ಸಿ. ಅದು ಕಿವಿ.”

“ಹಾಕಿದ್ವಿ!”

“ಕಣ್ಣಿಗೆ ಎರಡು ಗೋಲಿಗುಂಡು. ದೂರ ದೂರ ಇಡಿ. ಹತ್ರ ಇಟ್ರೆ ಚಾಡಿ ಹೇಳೂ ಬೆಕ್ಕಾಗ್ತದೆ. ಒಳಗೆ ಒಂದು ಸಣ್ಣ ಬೆಳಕು ಬಿಡಿ, ಸಾಸಿವೆಯಷ್ಟು. ಮೂಗಿಗೆ ಒಂದು ತೊಗರಿಬೇಳೆ. ಮೂಗಿನ ಕೆಳಗೆ ಮೂರು ಬರೆದು ಮಲಗ್ಸಿ, ಇಂಗ್ಲಿಷಿನ ಮೂರು. ಅದು ಬಾಯಿ. ಮೀಸೆಗೆ ಮೂರು ಮೂರು ಶ್ಯಾವಿಗೆ.”

“ಹೊಟ್ಟೆಗೆ ಎಂತ, ಅಕ್ಕೋರೆ?” ಕೇಳಿದಳು ಪ್ರಿಯಾ. (ಸುಮತಿಯನ್ನು ಅಕ್ಕೋರೆ ಅನ್ನಿ ಎಂದು ಯಾರೂ ಅವಕ್ಕೆ ಹೇಳಿಕೊಟ್ಟಿರಲಿಲ್ಲ.)

“ಹೊಟ್ಟೆಗೆ ಎಳನೀರು ಬೊಂಡ. ತಲೆಗಿಂತ ಸಣ್ಣದಾಗ್ಲಿ. ತಲೆ ದೊಡ್ಡ, ಮೈ ಸಣ್ಣ, ಆಗ ಮುದ್ದು ಬರ್ತದೆ. ನಿಮ್ಮ ಮನೆ ತೊಟ್ಟಿಲ ಮಕ್ಕಳನ್ನ ನೋಡಿ ಬೇಕಾದ್ರೆ, ಹಾಗೇ ಅಲಾ? ಬಾಲಕ್ಕೆ ಚಕ್ಕುಲಿ ಸುತ್ತಿ ಬಿಡಿ. ಆತು!”

ಕಮಲಾಕರ ಮರದ ಮರೆಯಿಂದ ಕತ್ತು ಚಾಚಿದ. ಜಗಲಿಯ ತುಂಬ ಬೆಕ್ಕುಗಳು. ಹನ್ನೊಂದು ಮಕ್ಕಳು, ಹನ್ನೊಂದು ಬೆಕ್ಕು. ಒಂದು ಕಣ್ಣು ಮಿಟುಕಿಸುತ್ತಿತ್ತು, ಒಂದು ಬಾಯಿ ತೆರೆದು ಹಾಡುತ್ತಿತ್ತು, ರಾಜೇಶನದು ತಲೆಗೆ ಮೀನುಗಾರರ ಟೊಪ್ಪಿ ಹಾಕಿಕೊಂಡು ದೋಣಿಗೆ ಹುಟ್ಟು ಹಾಕುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮನೆಯ ಮುಂದಿನ ರಂಗೋಲಿಯನ್ನು ದಿನವೂ ದಾಟಿಕೊಂಡು ಹೋಗಿ ಕಮಲಾಕರ ಕಲಾವಿದನಾಗಿದ್ದ.

ಮಕ್ಕಳು ಹೋದ ಮೇಲೆ ಅವನು ಮೆಲ್ಲಗೆ ಜಗಲಿ ಹತ್ತಿದ.

“ನಿಂಗೆ ಇದೆಲ್ಲ ಯಾರು ಕಲಿಸಿದ್ದು?”

“ಯಾರು ಕಲಿಸ್ಬೇಕು? ಹಿಟ್ಟು ಕಲಸೂವಾಗ ದಿವ್ಯಾ ಅತ್ರೆ ಒಂದು ಬೆಕ್ಕು, ಒಂದು ಆಮೆ ಮಾಡಿ ಕೊಡ್ತಿದ್ದೆ. ನೀವು ಮನೇಲಿ ಇದ್ರೆ ಅಲ್ಲವಾ ನೋಡೂದು.”

“ಮತ್ತೆ ನಂದೆಂತಕ್ಕೆ ಮುದ್ದಾಗೂದಿಲ್ಲ?”

ಸುಮತಿ ಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಈ ಸಲ ನಗದೆ ಹೇಳಿದಳು: “ನಿಮ್ಮ ಪ್ರಾಣಿಗಳಿಗೆಲ್ಲ ಹಸಿವು. ಎಲ್ಲಾ ಯಾರನ್ನೋ ತಿನ್ನೂಕೆ ಹೊರಟದ್ದು. ಹೊಟ್ಟೆ ತುಂಬಿದ ಬೆಕ್ಕು ತೆಗೀರಿ, ನೋಡುವ.”

ಶುಕ್ರವಾರ, ಶನಿವಾರ ಪಾಠ ಸುಮತಿಯದೇ ನಡೆಯಿತು. ಕಮಲಾಕರ ‘ಮೇಲ್ವಿಚಾರಕ’ನಾಗಿ ಹಿಂದಿನ ಸಾಲಿನಲ್ಲಿ ಪ್ರಿಯಾಳ ಪಕ್ಕ ಕೂತ. ಕದ್ದು ಒಂದು ಕಾಗದದ ಮೇಲೆ ಇಡ್ಲಿ ಹಾಕಿದ. ಸಮೋಸ ಇಟ್ಟ. ಗೋಲಿಗುಂಡು ಇಟ್ಟ. ಅಷ್ಟರಲ್ಲಿ ಕೈ ತನ್ನಷ್ಟಕ್ಕೆ ಎರಡು ಹುಬ್ಬು ಗಂಟಿಕ್ಕಿಬಿಟ್ಟಿತು. “ಮಾಮ, ನಿಮ್ಮ ಬೆಕ್ಕು ಇಡ್ಲಿ ಮೇಲೆ ಸಿಟ್ಟಾತು,” ಎಂದು ಪ್ರಿಯಾ ಕಿವಿಯಲ್ಲಿ ಹೇಳಿದಳು. ಅವನು ಕಾಗದ ಮಡಚಿ ಕಿಸೆಗೆ ಹಾಕಿದ. ಎರಡನೆಯದರಲ್ಲಿ ಕೋರೆಹಲ್ಲು ಬಂತು. ಮೂರನೆಯದರಲ್ಲಿ ಉಗುರು. ಹುಲಿ ತೆಗೆದು ತೆಗೆದು ಪಳಗಿದ ಕೈಗೆ ಇಡ್ಲಿ ಒಗ್ಗುವುದು ಎಷ್ಟು ಕಷ್ಟ ಎಂಬುದು ಇಡ್ಲಿ ತಿಂದವರಿಗೆ ತಿಳಿಯುವುದಿಲ್ಲ.

ಭಾನುವಾರ ಮಧ್ಯಾಹ್ನ, ಹದಿನೇಳನೆಯ ಕಾಗದದ ಮೇಲೆ, ಬೆವರೊರೆಸಿಕೊಂಡು, ಅಳಿಸಿ ಅಳಿಸಿ, ನಿಧಾನವಾಗಿ ಗೆರೆ ಎಳೆದಾಗ ಅದು ಬಂತು. ತಲೆ ಸ್ವಲ್ಪ ಓರೆ, ಒಂದು ಕಣ್ಣು ಮೇಲೆ, ಚಕ್ಕುಲಿ ಬಾಲ ಅರ್ಧ ಬಿಚ್ಚಿಕೊಂಡಿತ್ತು. ಆದರೆ ಬೆಕ್ಕು ನಗುತ್ತಿತ್ತು. ಸುಳ್ಳಲ್ಲ, ನಿಜವಾಗಿ ನಗುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಅವನ ಕೈಯಿಂದ ಯಾರನ್ನೂ ಕಚ್ಚದ ಪ್ರಾಣಿಯೊಂದು ಹುಟ್ಟಿತ್ತು. ಅವನು ಅದನ್ನು ದೂರವಿಟ್ಟು ನೋಡಿದ, ಹತ್ತಿರ ಹಿಡಿದು ನೋಡಿದ. ಮಗಳನ್ನು ಕರೆದು ತೋರಿಸಿದ.

“ಚಂದ ಬಂತು ಅಪ್ಪಾ!” ಅಂದಳು ದಿವ್ಯಶ್ರೀ, ಹೆಮ್ಮೆಯಿಂದ.

ಅಷ್ಟು ಸಾಕಾಯಿತು. ಕಮಲಾಕರನ ಎದೆ ಮತ್ತೆ ಹಳೆಯ ಅಳತೆಗೆ ಉಬ್ಬಿತು. ಈ ಬೆಕ್ಕು ಮನೆಯಲ್ಲಿ ಇರತಕ್ಕದ್ದಲ್ಲ ಎಂದು ಅವನು ತೀರ್ಮಾನಿಸಿದ. ಊರಿನ ಮಕ್ಕಳಿಗೆಲ್ಲ ಮಾದರಿಯಾಗಿ ಶಾಲೆಯಲ್ಲಿ ಇರಬೇಕು.

ಸೋಮವಾರ ಬೆಳಿಗ್ಗೆ ಮಕ್ಕಳು ತರಗತಿಯಲ್ಲಿ ಕೂತು ಚಿತ್ರ ತೆಗೆದವು. ಅವುಗಳನ್ನೆಲ್ಲ ಶಾಲೆಯ ಸಭೆಯ ಹಾಲಿನಲ್ಲಿ ಹಗ್ಗ ಕಟ್ಟಿ ಕ್ಲಿಪ್ಪು ಹಾಕಿ ತೂಗುಬಿಟ್ಟಿದ್ದರು. ತೀರ್ಪು ನ್ಯಾಯವಾಗಿರಲಿ ಅಂತ ಹೆಸರು, ತರಗತಿ ಎಲ್ಲ ಕಾಗದದ ಹಿಂದೆ. ಎಲ್ಲರೂ ಊಟಕ್ಕೆ ಎದ್ದ ಹೊತ್ತು ನೋಡಿ ಕಮಲಾಕರ ಒಳಗೆ ಹೋದ. ಹಗ್ಗದ ನಟ್ಟನಡುವೆ ಜಾಗ ಮಾಡಿ ತನ್ನ ಬೆಕ್ಕನ್ನು ಸಿಕ್ಕಿಸಿದ. ಹೆಸರು ಬರೆಯಲಿಲ್ಲ. ಬಲ್ಲವರಿಗೆ ಗೆರೆ ನೋಡಿದರೆ ಸಾಕು ಎಂಬ ಭರವಸೆ ಅವನಿಗಿತ್ತು.

ಮಧ್ಯಾಹ್ನ ಮೂರಕ್ಕೆ ಹಾಲಿನ ತುಂಬ ಜನ ಸೇರಿದ್ದರು. ಕಮಲಾಕರ ಮೊದಲ ಸಾಲಿನಲ್ಲಿ ಕೂತ. ಶಾಲು ಹೊದಿಸಿಕೊಳ್ಳುವಾಗ ಕತ್ತನ್ನು ಎಷ್ಟು ಬಗ್ಗಿಸಬೇಕು ಎಂದು ಮನೆಯ ಕನ್ನಡಿಯ ಮುಂದೆ ನೋಡಿಕೊಂಡೇ ಬಂದಿದ್ದ. ಪಕ್ಕದಲ್ಲಿ ಸುಮತಿ, ಅವಳ ಪಕ್ಕದಲ್ಲಿ ದಿವ್ಯಶ್ರೀ.

ನಿತ್ಯಾನಂದ ಮಾಸ್ತರರು ತೆಳ್ಳಗಿನ ಮನುಷ್ಯರು. ಕೈ ಹಿಂದೆ ಕಟ್ಟಿಕೊಂಡು ಒಂದೊಂದೇ ಚಿತ್ರ ನೋಡುತ್ತ ನಡೆದರು. ನಡುವಿನ ಬೆಕ್ಕಿನ ಮುಂದೆ ನಿಂತರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಮುಂದೆ ಹೋದವರು ತಿರುಗಿ ಅದೇ ಬೆಕ್ಕಿನ ಹತ್ತಿರ ಬಂದರು.

ಕಮಲಾಕರ ಸುಮತಿಯನ್ನು ಮೊಣಕೈಯಿಂದ ತಿವಿದ. “ನೋಡಿದ್ಯಾ? ಬೆಕ್ಕು ನೋಡಿ ಬೆಕ್ಕಸಬೆರಗಾದ್ರು!”

“ಅದ್ಯಾರ ಬೆಕ್ಕು?” ಸುಮತಿಗೆ ಅನುಮಾನ ಬಂತು. “ನೀವು ಎಂತ ಮಾಡಿ ಬಂದ್ರಿ?”

“ಸುಮ್ಮನಿರು ಮಾರಾಯ್ತಿ.”

ಬಹುಮಾನ ಘೋಷಣೆಯಾಯಿತು. ಮೂರನೆಯದು ಹುಟ್ಟು ಹಾಕುವ ಬೆಕ್ಕಿನ ರಾಜೇಶನಿಗೆ. ಎರಡನೆಯದು ಐದನೇ ತರಗತಿಯ ಹುಡುಗಿಯೊಬ್ಬಳಿಗೆ. ಮೊದಲನೆಯದು ಪ್ರಿಯಾಳಿಗೆ! ಅವಳ ಬೆಕ್ಕಿನ ಎಳನೀರು ಹೊಟ್ಟೆಯೊಳಗೆ ನಾಲ್ಕು ಬಂಗಡೆ ಸಾಲಾಗಿ ಮಲಗಿದ್ದವು, ನಾಲ್ಕು ಕಾಲೂ ನೀಲಿಯಾಗಿದ್ದವು. “ಈ ಬೆಕ್ಕು ಊಟ ಮಾಡಿ ಬಂದ ಬೆಕ್ಕು. ನೋಡಿದ ಕೂಡಲೇ ಗೊತ್ತಾಗುತ್ತದೆ,” ಎಂದು ಮಾಸ್ತರರು ಹೊಗಳಿದರು. ಆ ಊಟದ ಲೆಕ್ಕ ಗೊತ್ತಿದ್ದವರು ಹಾಲಿನಲ್ಲಿ ಇಬ್ಬರೇ ದೊಡ್ಡವರು. ಅವರು ಒಬ್ಬರನ್ನೊಬ್ಬರು ನೋಡಲಿಲ್ಲ.

“ಇನ್ನೊಂದು ಪ್ರೋತ್ಸಾಹಕರ ಬಹುಮಾನ ಇದೆ,” ಎಂದು ಮಾಸ್ತರರು ನಡುವಿನ ಚಿತ್ರವನ್ನು ಕ್ಲಿಪ್ಪಿನಿಂದ ಬಿಡಿಸಿ ಎತ್ತಿ ಹಿಡಿದರು. “ಈ ಚಿತ್ರ ನನ್ನನ್ನು ತುಂಬ ಕಾಡಿತು. ಬಹಳ ಸಣ್ಣ ಮಗು ತೆಗೆದದ್ದು. ಒಂದನೇ ತರಗತಿ ಇರಬೇಕು, ಪಾಪ, ಹೆಸರು ಬರೆಯುವುದನ್ನೂ ಮರೆತಿದೆ. ನೋಡಿ, ಗೆರೆ ನಡುಗಿದೆ. ಕಣ್ಣು ಮೇಲೆ ಕೆಳಗೆ ಆಗಿದೆ. ಕಷ್ಟಪಟ್ಟಿದೆ, ಅಳಿಸಿ ಅಳಿಸಿ ಕಾಗದ ತೂತಾಗುವಷ್ಟು. ಆದರೆ ಎಂಥ ನಗು ಇದು! ಈ ಮಗುವಿಗೆ ಯಾರೂ ಬೈಯಬೇಡಿ, ಹೊಡೆಯಬೇಡಿ. ಪ್ರೋತ್ಸಾಹ ಕೊಟ್ಟರೆ ಮುಂದೆ ಖಂಡಿತ ಚಿತ್ರ ಬರುತ್ತದೆ. ಯಾರದು? ಹೆದರಬೇಡ, ಎದ್ದು ಬಾ ಪುಟ್ಟಾ.”

ಕಮಲಾಕರ ಎದುರಿನ ಗೋಡೆಯ ಮೇಲಿನ ಭಾರತದ ನಕಾಶೆಯನ್ನು ತದೇಕಚಿತ್ತದಿಂದ ನೋಡತೊಡಗಿದ. ಸುಮತಿಯ ಭುಜ ಅಲುಗುತ್ತಿತ್ತು.

ದಿವ್ಯಶ್ರೀಗೆ ಮಾತ್ರ ತಡೆಯಲಾಗಲಿಲ್ಲ. ಅವಳ ಅಪ್ಪನಿಗೆ ಬಹುಮಾನ ಬಂದಿತ್ತು. ಬೆಂಚಿನ ಮೇಲೆ ಹತ್ತಿ ನಿಂತು ಹಾಲಿಗೆಲ್ಲ ಕೇಳುವ ಹಾಗೆ ಕೂಗಿದಳು: “ಸರ್, ಅದು ನಮ್ಮ ಅಪ್ಪಂದು!”

ಮಂಕಿಯ ಶಾಲೆಯ ಹಂಚು ಆವತ್ತು ಹಾರಿಹೋಗದೆ ಉಳಿದದ್ದೇ ದೊಡ್ಡದು. ದಾಸ ಬೆಂಚು ಬಡಿದು ನಕ್ಕ. ಅಣ್ಣಪ್ಪಜ್ಜನಿಗೆ ಕೆಮ್ಮು ಬಂದು ನೀರು ಕುಡಿಸಬೇಕಾಯಿತು. ಹೋಗದೆ ಗತಿಯಿಲ್ಲ ಎಂದು ಕಮಲಾಕರ ಎದ್ದು, ಆರಡಿ ದೇಹವನ್ನು ಹೊತ್ತುಕೊಂಡು ವೇದಿಕೆ ಹತ್ತಿದ. ನಿತ್ಯಾನಂದ ಮಾಸ್ತರರ ಮುಖ ಪೆಚ್ಚಾಯಿತು. “ಅಯ್ಯೋ, ತಪ್ಪು ತಿಳಿಯಬೇಡಿ…” ಎನ್ನುತ್ತ ಅವನ ಕೈಗೆ ಸ್ಕೆಚ್ ಪೆನ್ನಿನ ಪೊಟ್ಟಣ ಇಟ್ಟರು. ಹನ್ನೆರಡು ಬಣ್ಣದ್ದು.

ಅದೇ ಗದ್ದಲದಲ್ಲಿ ಸುಪ್ರಿಯಾ ಅಕ್ಕೋರು ಶಾಲು ಹಿಡಿದು ಮುಂದೆ ಬಂದರು. “ಒಂದು ವಾರ ನಮ್ಮ ಮಕ್ಕಳಿಗೆ ಇಷ್ಟು ಚಂದ ಕಲಿಸಿಕೊಟ್ಟ ಕಲಾವಿದರಾದ ಶ್ರೀ ಕಮಲಾಕರ…”

“ಮಾಮ ಅಲ್ಲ!” ಹನ್ನೊಂದು ದನಿ ಒಟ್ಟಿಗೆ ಎದ್ದವು. “ಸುಮತಿ ಅಕ್ಕೋರು ಕಲ್ಸಿದ್ದು!”

ಸುಮತಿ ಮುಂದಿನವರ ಬೆನ್ನ ಹಿಂದೆ ಅಡಗಲು ನೋಡಿದಳು. ಅವಳು ಕೂತದ್ದು ಮೊದಲ ಸಾಲಿನಲ್ಲಾದ್ದರಿಂದ ಮುಂದೆ ಯಾರೂ ಇರಲಿಲ್ಲ. ಅಕ್ಕೋರು ಶಾಲು ಹಿಡಿದು, ಯಾರ ಕಡೆ ಹೋಗುವುದೆಂದು ತಿಳಿಯದೆ ನಿಂತರು. ಕಮಲಾಕರ ಆ ಶಾಲನ್ನು ನೋಡಿದ. ಜರಿ ಅಂಚಿನದು. ಅವನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿತ್ತು. ಸ್ಕೆಚ್ ಪೆನ್ನಿನ ಪೊಟ್ಟಣವನ್ನು ಕಂಕುಳಲ್ಲಿ ಇಟ್ಟುಕೊಂಡು ಎರಡೂ ಕೈಯಲ್ಲಿ ಶಾಲು ತೆಗೆದುಕೊಂಡು ವೇದಿಕೆ ಇಳಿದ. ಹೆಂಡತಿಯ ಎದುರು ನಿಂತು, “ಏಳು,” ಅಂದ.

“ಎಂತ ಮಾಡ್ತ್ರಿ ಇದು? ಎಲ್ಲಾ ನೋಡ್ತಾರೆ.”

“ನೋಡ್ಲಿ ಅಂತ್ಲೇ ಮಾಡೂದು.”

ಅವಳ ಹೆಗಲಿಗೆ ಶಾಲು ಹೊದಿಸಿದಾಗ ಕಮಲಾಕರನ ಎದೆಯಲ್ಲಿ ಎದ್ದ ಹೆಮ್ಮೆ, ಅವನ ಹೆಸರು ಹೊತ್ತು ಕಡಲಿಗಿಳಿದ ಯಾವ ದೋಣಿಯನ್ನು ನೋಡಿದಾಗಲೂ ಎದ್ದಿರಲಿಲ್ಲ. ಇಡೀ ಹಾಲು ಚಪ್ಪಾಳೆ ತಟ್ಟಿತು. ಸುಮತಿ ತಲೆ ತಗ್ಗಿಸಿ ನಿಂತಳು. ಕತ್ತನ್ನು ಸರಿಯಾಗಿ ಎಷ್ಟು ಬೇಕೋ ಅಷ್ಟೇ ಬಗ್ಗಿಸಿದಳು. ಕನ್ನಡಿ ನೋಡಿ ಕಲಿತಿರಲಿಲ್ಲ.

ಎಲ್ಲ ಮುಗಿದ ಮೇಲೆ ನಿತ್ಯಾನಂದ ಮಾಸ್ತರರು ಮೇಜಿನ ಹತ್ತಿರ ಕೂತು ಪ್ರಮಾಣಪತ್ರ ತುಂಬುತ್ತಿದ್ದರು. ಅಚ್ಚು ಹಾಕಿಸಿದ ಕಾಗದ, ‘ಕುಮಾರ’ ಎಂದು ಮೊದಲೇ ಇತ್ತು. ಮುಂದೆ ‘ಕಮಲಾಕರ’ ಎಂದು ಬರೆದು ಅವರು ಸಂಕೋಚದಿಂದ ತಲೆಯೆತ್ತಿದರು.

“ಇಲ್ಲಿ ತರಗತಿ ಅಂತ ಇದೆ. ಎಂತ ಬರೀಲಿ? ಖಾಲಿ ಬಿಡಲಾ?”

“ಖಾಲಿ ಯಾಕೆ ಸರ್?” ಅಂದ ಕಮಲಾಕರ. “ನೀವೇ ಹೇಳಿದ್ರಲ್ಲ. ಒಂದನೇ ಕ್ಲಾಸು ಅಂತ್ಲೇ ಬರೀರಿ.”

ಆ ಪ್ರಮಾಣಪತ್ರ ಈಗ ಅವರ ಮನೆಯ ಜಗಲಿಯಲ್ಲಿ ಫ್ರೇಮು ಹಾಕಿಸಿಕೊಂಡು ಕೂತಿದೆ. ಮಾರನೆಯ ದಿನ ದಾಸ ಅದನ್ನು ನೋಡಲೆಂದೇ ಬಂದ. ಕಮಲಾಕರ ಅವನನ್ನು ಹತ್ತಿರ ಕರೆದು, ಅಕ್ಷರಗಳ ಕೆಳಗೆ ಬೆರಳಾಡಿಸಿ ತೋರಿಸಿದ.

“ಓದು. ಕುಮಟೆಯ ಅಷ್ಟು ದೊಡ್ಡ ಮಾಸ್ತರರು ಸ್ವಂತ ಕೈಯಲ್ಲಿ ಬರೆದುಕೊಟ್ಟದ್ದು. ಕಮಲಾಕರ, ಫಸ್ಟ್ ಕ್ಲಾಸು. ಮಂಕಿಯಲ್ಲಿ ಇನ್ನು ಯಾವ ಆರ್ಟಿಸ್ಟಿಗೆ ಇದೆ ಹೇಳು, ಇಂಥ ಸರ್ಟಿಫಿಕೇಟು?”

ಅಡುಗೆಮನೆಯಿಂದ ಸುಮತಿಯ ದನಿ ಬಂತು.

“ಒಂದನೇ ಕ್ಲಾಸು ಪಾಸಾತಲ, ಸಂತೋಷ. ಸಂಜೆ ಐದಕ್ಕೆ ಎರಡನೇ ಕ್ಲಾಸು ಶುರು. ಪೆನ್ಸಿಲ್ ಕೆತ್ತಿಟ್ಕಂಡು ಹಿಂದಿನ ಸಾಲಲ್ಲಿ ಕೂತ್ಕಳಿ. ಇವತ್ತು ನಾಯಿ ಕಲಿಸ್ತೆ.”